ಕರ್ಮವು ಕರ್ತೃವಾಗುವ ಕಷ್ಟ

ಪ್ರೋಗ್ರಾಮಿಂಗ್ ಕಲಿಯಲು ತೊಡಗಿ ಎರಡು ವರ್ಷ ಕಳೆದ ಮೇಲೂ ನನ್ನನ್ನು ಒಂದು ಸಂಕೋಚ ಕಾಡುತ್ತಿತ್ತು. ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕೆಲಸವನ್ನೂ ಆಬ್ಜೆಕ್ಟ್ ಎಂಬ ಒಂದೇ ಘಟಕದಲ್ಲಿ ಕಟ್ಟಿಡುವ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ನಾಲ್ಕು ಸ್ತಂಭಗಳು ಯಾವುವು ಎಂದು ಯಾರಾದರೂ ಕೇಳಿದರೆ ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂದು ಮಗ್ಗಿ ಒಪ್ಪಿಸುವಂತೆ ಹೇಳಿಬಿಡುತ್ತಿದ್ದೆ. ಒಂದೊಂದಕ್ಕೂ ವ್ಯಾಖ್ಯೆ ಬಾಯಿಪಾಠವಾಗಿತ್ತು. ಸಂದರ್ಶನಗಳಲ್ಲಿ ಅದಕ್ಕೆ ಪೂರ್ತಿ ಅಂಕವೂ ಸಿಗುತ್ತಿತ್ತು. ಆದರೆ ಖಾಲಿ ಫೈಲೊಂದನ್ನು ತೆರೆದು ಕುಳಿತಾಗ ಮೊದಲ ಕ್ಲಾಸ್ (ಒಂದು ಬಗೆಯ ಆಬ್ಜೆಕ್ಟ್‌ಗಳ ಸಾಮಾನ್ಯ ವಿವರಣೆ) ಯಾವುದಾಗಬೇಕು, ಅದರೊಳಗೆ ಏನಿರಬೇಕು, ಏನಿರಬಾರದು ಎಂಬುದು ಹೊಳೆಯುತ್ತಲೇ ಇರಲಿಲ್ಲ. ಪಾಠಗಳಲ್ಲಿ ಬರುವ ನಾಯಿ ಬೊಗಳುತ್ತಿತ್ತು, ಬೆಕ್ಕು ಮಿಯಾಂವ್ ಎನ್ನುತ್ತಿತ್ತು, ಎರಡೂ ಪ್ರಾಣಿ ಎಂಬ ಕ್ಲಾಸಿನಿಂದ ಹುಟ್ಟಿದ್ದವು. ನನ್ನ ಮುಂದಿದ್ದ ಕೆಲಸದಲ್ಲಾದರೋ ನಾಯಿಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ. ಕೊನೆಗೆ ನಾನು ಮಾಡುತ್ತಿದ್ದದ್ದೇನೆಂದರೆ, ಎಂದಿನಂತೆ ಒಂದೊಂದು ಕೆಲಸ ಮಾಡುವ ಸಾಲುಗಳ ಗುಂಪುಗಳಾದ ಫಂಕ್ಷನ್‌ಗಳನ್ನು ಬರೆದು, ಅವುಗಳ ಸುತ್ತ ಒಂದು ಕ್ಲಾಸಿನ ಬೇಲಿ ಹಾಕಿ, ಇದು ಆಬ್ಜೆಕ್ಟ್ ಓರಿಯೆಂಟೆಡ್ ಆಯಿತು ಎಂದು ಸಮಾಧಾನಪಟ್ಟುಕೊಳ್ಳುವುದು.

ಈಗ ಹಿಂದಿರುಗಿ ನೋಡಿದರೆ, ನನ್ನ ತೊಡಕು ಪ್ರೋಗ್ರಾಮಿಂಗ್‌ನದ್ದಕ್ಕಿಂತ ವ್ಯಾಕರಣದ್ದಾಗಿತ್ತು ಅನ್ನಿಸುತ್ತದೆ. ಶಾಲೆಯಲ್ಲಿ ವಾಕ್ಯವನ್ನು ಬಿಡಿಸುವಾಗ ಕರ್ತೃಪದ, ಕರ್ಮಪದ, ಕ್ರಿಯಾಪದ ಎಂದು ಗುರುತು ಹಾಕುತ್ತಿದ್ದೆವು. ‘ಗ್ರಂಥಪಾಲಕನು ಪ್ರತಿಯನ್ನು ಕೊಟ್ಟನು’ ಎಂಬಲ್ಲಿ ಪ್ರತಿ ಎಂಬುದು ಕರ್ಮ, ಇಂಗ್ಲಿಷ್ ವ್ಯಾಕರಣದ ತರಗತಿಯಲ್ಲಿ ಅದಕ್ಕೆ ಹೇಳಿಕೊಟ್ಟ ಹೆಸರು ಆಬ್ಜೆಕ್ಟ್. ಹೀಗಾಗಿ ಆಬ್ಜೆಕ್ಟ್ ಎಂದಕೂಡಲೇ ನನ್ನ ಮನಸ್ಸಿಗೆ ಬರುತ್ತಿದ್ದದ್ದು ಯಾರೋ ಏನನ್ನೋ ಮಾಡಲೆಂದು ಸುಮ್ಮನೆ ಬಿದ್ದಿರುವ ಜಡವಸ್ತು. ಆದರೆ ಈ ಬಗೆಯ ಪ್ರೋಗ್ರಾಮಿಂಗ್‌ನಲ್ಲಿ ಆಬ್ಜೆಕ್ಟ್ ಕರ್ಮಪದವಲ್ಲ, ಅದೇ ಕರ್ತೃ. ಇನ್ನೂ ಸರಿಯಾಗಿ ಹೇಳುವುದಾದರೆ ಅದು ಸಂಬೋಧನಾ ವಿಭಕ್ತಿಯಲ್ಲಿರುವ ಪದ. ‘ಪ್ರತಿಯೇ, ಈ ಸದಸ್ಯರು ನಿನ್ನನ್ನು ಒಯ್ಯುತ್ತಿದ್ದಾರೆ, ಅದನ್ನು ಬರೆದುಕೋ’ ಎಂದು ನಾವು ಅದನ್ನು ಕರೆದು ಹೇಳುತ್ತೇವೆ. ಪ್ರತಿಯ ಹೆಸರು, ಒಂದು ಚುಕ್ಕಿ, ಬಳಿಕ ಮೆಥಡ್‌ನ, ಎಂದರೆ ಆ ಆಬ್ಜೆಕ್ಟ್ ಮಾಡಬಲ್ಲ ಕೆಲಸದ, ಹೆಸರು ಎಂಬ ಆ ಬರವಣಿಗೆಯ ಕ್ರಮದಲ್ಲಿ ಚುಕ್ಕಿಯ ಎಡಗಡೆ ಇರುವವನೇ ಕೆಲಸ ಮಾಡುವವನು. ಇಷ್ಟು ಸಣ್ಣ ಸಂಗತಿ ತಲೆಗೆ ಹೋಗಲು ಎರಡು ವರ್ಷ ಬೇಕಾಯಿತೇ ಎಂದು ನಗಬಹುದು, ಆದರೆ ಬೇಕಾದದ್ದು ನಿಜ.

ತನ್ನದು ಮತ್ತು ಎಲ್ಲರದು

ಅದು ತಲೆಗೆ ಹೋದದ್ದು ಒಂದು ತಪ್ಪಿನಿಂದ. ಗ್ರಂಥಾಲಯವೊಂದರ ಲೆಕ್ಕ ಇಡುವ ಸಣ್ಣ ಪ್ರೋಗ್ರಾಮನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದೆ. ಸದಸ್ಯ ಎಂಬ ಕ್ಲಾಸ್. ಅದರಲ್ಲಿ, ಯಾವ ಮೆಥಡ್‌ನ ಒಳಗೂ ಸೇರದಂತೆ, ಕ್ಲಾಸಿನ ತಲೆಬರಹದ ಕೆಳಗೇ ಎರಡು ಸಾಲು. ‘ಎಣಿಕೆ’ ಎಂಬುದಕ್ಕೆ ಸೊನ್ನೆ, ‘ಪಡೆದವು’ ಎಂಬುದಕ್ಕೆ ಒಂದು ಖಾಲಿ ಲಿಸ್ಟ್, ಎಂದರೆ ಪಟ್ಟಿ. ಬಳಿಕ ‘ಪಡೆ’ ಎಂಬ ಮೆಥಡ್, ಅದು ಎಣಿಕೆಗೆ ಒಂದು ಕೂಡಿಸಿ, ಲಿಸ್ಟಿನ ಕೊನೆಗೆ ಪುಸ್ತಕದ ಹೆಸರನ್ನು ಸೇರಿಸುತ್ತದೆ. (ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟದ್ದು ಓದುಗರ ಅನುಕೂಲಕ್ಕೆ ಮಾತ್ರವಲ್ಲ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಸದಸ್ಯ, ಎಣಿಕೆ ಎಂಬ ಹೆಸರುಗಳನ್ನು ಭಾಷೆಯೇ ಒಪ್ಪುತ್ತದೆ. ಭಾಷೆ ತನಗೆಂದು ಮೀಸಲಿಟ್ಟುಕೊಂಡ ಪದಗಳಾದ ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನವೇ.) ಪರೀಕ್ಷಿಸಲೆಂದು ಮೂವರು ಸದಸ್ಯರನ್ನು ಮಾಡಿದೆ. ಮೊದಲನೆಯವರು ಎರಡು ಪುಸ್ತಕ ಪಡೆದರು, ಎರಡನೆಯವರು ಒಂದು, ಮೂರನೆಯವರು ಒಂದನ್ನೂ ಪಡೆಯಲಿಲ್ಲ. ಪ್ರಿಂಟ್ ಮಾಡಿದಾಗ ಎಣಿಕೆಗಳು 2, 1, 0 ಎಂದು ಸರಿಯಾಗಿಯೇ ಬಂದವು. ಪಟ್ಟಿಗಳನ್ನು ನೋಡಿದರೆ ಮೂವರ ಹೆಸರಿನಲ್ಲೂ ಮೂರು ಮೂರು ಪುಸ್ತಕಗಳು! ಒಂದನ್ನೂ ಪಡೆಯದವರ ಎಣಿಕೆ ಸೊನ್ನೆ ಎನ್ನುತ್ತಿದೆ, ಪಟ್ಟಿ ಮೂರು ಹೆಸರನ್ನು ತೋರಿಸುತ್ತಿದೆ.

ಎಲ್ಲವೂ ತಪ್ಪಾಗಿದ್ದರೆ ಬೇಗ ಸಿಕ್ಕಿಬೀಳುತ್ತಿತ್ತೇನೋ. ಅರ್ಧ ಸರಿಯಿದ್ದದ್ದೇ ನನ್ನ ಒಂದು ಮಧ್ಯಾಹ್ನವನ್ನು ತಿಂದುಹಾಕಿತು. ಪ್ರಿಂಟ್ ಮಾಡುವ ಕಡೆ ತಪ್ಪಿದೆ ಎಂದು ಅಲ್ಲಿ ಹುಡುಕಿದೆ, ‘ಪಡೆ’ ಮೆಥಡನ್ನು ಮೂರು ಸಲ ಹೊಸದಾಗಿ ಬರೆದೆ. ಕೊನೆಗೆ ಐಡಿ ಎಂಬ ಫಂಕ್ಷನ್ ನೆನಪಾಯಿತು. ಪೈಥಾನ್‌ನಲ್ಲಿ ಪ್ರತಿಯೊಂದು ಆಬ್ಜೆಕ್ಟ್‌ಗೂ ಅದು ಬದುಕಿರುವಷ್ಟು ಕಾಲ ಬೇರಾರಿಗೂ ಇರದ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಈ ಫಂಕ್ಷನ್ ಹೇಳುತ್ತದೆ. ಮೂವರು ಸದಸ್ಯರ ಲಿಸ್ಟುಗಳ ಸಂಖ್ಯೆಯನ್ನು ಕೇಳಿದಾಗ ಒಂದೇ ಉದ್ದನೆಯ ಅಂಕಿ ಮೂರು ಸಲ ಪರದೆಯ ಮೇಲೆ ಬಂತು. ಮೂರು ಲಿಸ್ಟುಗಳು ಇರಲೇ ಇಲ್ಲ. ಇದ್ದದ್ದು ಒಂದು, ಅದು ಕ್ಲಾಸಿನದು, ಮೂವರೂ ಅದನ್ನೇ ತಮ್ಮದೆಂದು ತೋರಿಸುತ್ತಿದ್ದರು.

ಹಾಗಾದರೆ ಎಣಿಕೆ ಹೇಗೆ ಸರಿಯಾಯಿತು? ಇಲ್ಲಿಯೇ ವಿಷಯದ ತಿರುಳಿದೆ. ಒಂದು ಆಬ್ಜೆಕ್ಟ್‌ನ ಬಳಿ ‘ಎಣಿಕೆ ಎಷ್ಟು’ ಎಂದು ಕೇಳಿದಾಗ ಪೈಥಾನ್ ಮೊದಲು ಆ ಆಬ್ಜೆಕ್ಟ್‌ನ ಸ್ವಂತ ಜೇಬಿನಲ್ಲಿ ಹುಡುಕುತ್ತದೆ, ಅಲ್ಲಿ ಇಲ್ಲದಿದ್ದರೆ ಕ್ಲಾಸಿನಲ್ಲಿ ಹುಡುಕುತ್ತದೆ. ಎಣಿಕೆಗೆ ಒಂದು ಕೂಡಿಸುವಾಗ ಓದಿದ್ದು ಕ್ಲಾಸಿನ ಸೊನ್ನೆಯನ್ನು, ಆದರೆ ಕೂಡಿಸಿ ಬಂದ ಒಂದನ್ನು ಬರೆದದ್ದು ಆಬ್ಜೆಕ್ಟ್‌ನ ಸ್ವಂತ ಜೇಬಿನಲ್ಲಿ. ಆ ಕ್ಷಣದಿಂದ ಆ ಸದಸ್ಯರಿಗೆ ತಮ್ಮದೇ ಎಣಿಕೆ ಇತ್ತು. ಲಿಸ್ಟಿನ ವಿಷಯದಲ್ಲಿ ನಾನು ಹೊಸದೇನನ್ನೂ ಬರೆಯಲಿಲ್ಲ. ಇದ್ದ ಲಿಸ್ಟಿನ ಬಾಲಕ್ಕೆ ಒಂದು ಹೆಸರನ್ನು ಅಂಟಿಸಿದೆ. ಆ ಲಿಸ್ಟ್ ಎಲ್ಲರದಾಗಿತ್ತು, ಆದ್ದರಿಂದ ಅಂಟಿಸಿದ್ದು ಎಲ್ಲರಿಗೂ ಅಂಟಿತು. ಪರಿಹಾರ ಎರಡು ಸಾಲಿನದು. ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ನಡೆಯುವ ಇನಿಟ್ ಮೆಥಡ್‌ನೊಳಗೆ ಆ ಸೊನ್ನೆಯನ್ನೂ ಖಾಲಿ ಲಿಸ್ಟನ್ನೂ ಸೆಲ್ಫ್‌ನ, ಎಂದರೆ ಆ ಆಬ್ಜೆಕ್ಟ್‌ನ, ಹೆಸರಿಗೆ ಬರೆದರಾಯಿತು.

ಕ್ಲಾಸ್ ಎಂದರೆ ನಕ್ಷೆ, ಆಬ್ಜೆಕ್ಟ್ ಎಂದರೆ ಆ ನಕ್ಷೆಯಂತೆ ಕಟ್ಟಿದ ಮನೆ ಎಂಬ ಹೋಲಿಕೆಯನ್ನು ನಾನು ಅದಕ್ಕೆ ಮೊದಲು ನೂರು ಸಲ ಓದಿದ್ದೆ. ಆ ಹೋಲಿಕೆ ತಪ್ಪಲ್ಲ, ಆದರೆ ಅದು ನನಗೆ ಈ ಮಧ್ಯಾಹ್ನವನ್ನು ಉಳಿಸಿಕೊಡಲಿಲ್ಲ, ಏಕೆಂದರೆ ನಕ್ಷೆಯ ಮೇಲೆ ಯಾರೂ ಸಾಮಾನು ಇಡುವುದಿಲ್ಲ. ಪೈಥಾನ್‌ನ ಕ್ಲಾಸಿನ ಮೇಲೆ ಇಡಬಹುದು. ಅಲ್ಲಿ ಕ್ಲಾಸ್ ಎಂಬುದೂ ಮೆಮೊರಿಯಲ್ಲಿ ಕುಳಿತಿರುವ ಒಂದು ಆಬ್ಜೆಕ್ಟೇ.

ಸೆಲ್ಫ್ ಎಂಬ ಪದ ಪ್ರತಿ ಮೆಥಡ್‌ನ ಆವರಣದಲ್ಲಿ ಮೊದಲನೆಯದಾಗಿ ಏಕೆ ಬರಬೇಕು ಎಂಬುದೂ ಅಂದೇ ಅರ್ಥವಾಯಿತು. ಮೆಥಡ್‌ನ ಸಾಲುಗಳು ಒಂದೇ ಕಡೆ, ಕ್ಲಾಸಿನಲ್ಲಿ, ಇರುತ್ತವೆ. ಸಾವಿರ ಸದಸ್ಯರಿದ್ದರೂ ಅವುಗಳಿಗೆ ಸಾವಿರ ನಕಲುಗಳಿಲ್ಲ. ಹೀಗಿರುವಾಗ ಆ ಸಾಲುಗಳು ನಡೆಯುವ ಹೊತ್ತಿಗೆ ಅವು ಯಾರ ಪರವಾಗಿ ನಡೆಯುತ್ತಿವೆ ಎಂಬುದು ಗೊತ್ತಾಗಬೇಕಲ್ಲ. ಚುಕ್ಕಿಯ ಎಡಗಡೆ ಇದ್ದವರನ್ನು ಪೈಥಾನ್ ಮೊದಲ ಆರ್ಗ್ಯುಮೆಂಟ್ (ಮೆಥಡ್‌ಗೆ ಕೊಡುವ ಮಾಹಿತಿ) ಆಗಿ ಒಳಗೆ ಕಳುಹಿಸುತ್ತದೆ, ಒಳಗೆ ಅವರಿಗೆ ಸೆಲ್ಫ್ ಎಂದು ಹೆಸರು. ಜಾವಾ ಮತ್ತು ಸಿ ಪ್ಲಸ್ ಪ್ಲಸ್ ಎಂಬ ಭಾಷೆಗಳಲ್ಲಿ ಇದನ್ನು ನಾವು ಬರೆಯಬೇಕಾಗಿಲ್ಲ, ‘ದಿಸ್’ ಎಂಬ ಹೆಸರಿನಲ್ಲಿ ಅದು ತಾನಾಗಿಯೇ ಇರುತ್ತದೆ. ಕನ್ನಡದಲ್ಲಿ ಇದನ್ನು ವಿವರಿಸುವುದು ಸುಲಭ ಎಂದು ನನಗೆ ಯಾವಾಗಲೂ ಅನ್ನಿಸಿದೆ. ನಮ್ಮಲ್ಲಿ ‘ಬರೆ’ ಬೇರೆ, ‘ಬರೆದುಕೋ’ ಬೇರೆ. ‘ಇಡು’ ಬೇರೆ, ‘ಇಟ್ಟುಕೋ’ ಬೇರೆ. ಆ ‘ಕೊಳ್ಳು’ ಎಂಬ ಪುಟ್ಟ ಸಹಾಯಕ ಕ್ರಿಯಾಪದ ಹೇಳುವುದನ್ನೇ ಸೆಲ್ಫ್ ಹೇಳುತ್ತದೆ. ನನ್ನ ತಪ್ಪಾದ ಪ್ರೋಗ್ರಾಮಿನಲ್ಲಿ ಸದಸ್ಯರು ಪುಸ್ತಕದ ಹೆಸರನ್ನು ಬರೆದರು, ಬರೆದುಕೊಳ್ಳಲಿಲ್ಲ.

ಇದನ್ನು ಮೊದಲು ಯೋಚಿಸಿದವರು

ಈ ಕಲ್ಪನೆ ನಾಯಿಬೆಕ್ಕುಗಳಿಂದ ಹುಟ್ಟಲಿಲ್ಲ ಎಂಬುದು ಆಮೇಲೆ ತಿಳಿದಾಗ ನನಗೆ ಸಮಾಧಾನವೇ ಆಯಿತು. ಆಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಅವರು 1960ರ ದಶಕದಲ್ಲಿ ಎದುರಿಸಿದ್ದು ನಿಜವಾದ ವ್ಯವಸ್ಥೆಯೊಂದನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಿಮ್ಯುಲೇಶನ್‌ನ ಸಮಸ್ಯೆಯನ್ನು. ಅನೇಕ ಪಾತ್ರಧಾರಿಗಳು ಏಕಕಾಲಕ್ಕೆ ತಮ್ಮ ತಮ್ಮ ಕೆಲಸ ಮಾಡುತ್ತ, ಸರದಿಯಲ್ಲಿ ನಿಲ್ಲುತ್ತ, ಒಬ್ಬರಿಗೊಬ್ಬರು ಕಾಯುತ್ತ ಇರುವ ವ್ಯವಸ್ಥೆಯನ್ನು ಒಂದೇ ಉದ್ದನೆಯ ಆದೇಶಗಳ ಪಟ್ಟಿಯಾಗಿ ಬರೆಯುವುದು ಹೇಗೆ? ಅದಕ್ಕೆ ಅವರು ಕೊಟ್ಟ ಉತ್ತರವಾದ ಸಿಮ್ಯುಲಾ 67 ಭಾಷೆಯಲ್ಲಿ ಕ್ಲಾಸ್, ಸಬ್‌ಕ್ಲಾಸ್ (ಒಂದು ಕ್ಲಾಸಿನಿಂದ ಹುಟ್ಟುವ ಇನ್ನೊಂದು), ವರ್ಚುವಲ್ ಪ್ರೊಸೀಜರ್ (ಸಬ್‌ಕ್ಲಾಸ್ ತನ್ನದೇ ರೀತಿಯಲ್ಲಿ ಬರೆಯಬಹುದಾದ ಮೆಥಡ್) ಎಲ್ಲವೂ ಆಗಲೇ ಇದ್ದವು. ಇಬ್ಬರಿಗೂ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ನೇ ಸಾಲಿಗೆ ಬಂತು, ಮರುವರ್ಷವೇ ಇಬ್ಬರೂ ತೀರಿಕೊಂಡರು. ಪಾತ್ರಧಾರಿ ಎಂಬ ಪದವನ್ನು ಬೇಕೆಂದೇ ಬಳಸಿದೆ: ಆಬ್ಜೆಕ್ಟ್ ಎಂಬುದು ಹುಟ್ಟಿನಿಂದಲೇ ವಸ್ತುವಾಗಿರಲಿಲ್ಲ, ಪಾತ್ರವಾಗಿತ್ತು. 1970ರ ದಶಕದಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಸ್ಮಾಲ್‌ಟಾಕ್ ಭಾಷೆಯನ್ನು ರೂಪಿಸಿದ ತಂಡವನ್ನು ಮುನ್ನಡೆಸಿದ ಅಲನ್ ಕೇ ಅವರು ಆಬ್ಜೆಕ್ಟ್ ಓರಿಯೆಂಟೆಡ್ ಎಂಬ ಮಾತನ್ನು ಟಂಕಿಸಿದವರು. ಜೀವಶಾಸ್ತ್ರವನ್ನೂ ಓದಿದ್ದ ಅವರ ಮನಸ್ಸಿನಲ್ಲಿದ್ದದ್ದು ತಂತಮ್ಮ ಪೊರೆಯೊಳಗಿದ್ದು ಸಂದೇಶಗಳ ಮೂಲಕ ಮಾತ್ರ ವ್ಯವಹರಿಸುವ ಜೀವಕೋಶಗಳು. ಆಬ್ಜೆಕ್ಟ್ ಎಂಬ ಹೆಸರಿನಿಂದ ಜನರ ಗಮನ ಕಡಿಮೆ ಮುಖ್ಯವಾದದ್ದರ ಕಡೆ ಹರಿಯಿತು, ಮುಖ್ಯವಾದದ್ದು ಸಂದೇಶ ಎಂದು ಅವರು 1998ರಲ್ಲಿ ಬರೆದು ವಿಷಾದಪಟ್ಟಿದ್ದಾರೆ. ಹೆಸರಿಟ್ಟವರಿಗೇ ಹೆಸರಿನ ಬಗ್ಗೆ ಈ ಅಳುಕು ಇದ್ದಮೇಲೆ ನನ್ನ ವ್ಯಾಕರಣದ ಗೊಂದಲಕ್ಕೆ ನಾನು ನಾಚಬೇಕಾಗಿಲ್ಲ.

ಸಂದೇಶ ಎಂದು ನೋಡಿದರೆ ಎನ್‌ಕ್ಯಾಪ್ಸುಲೇಶನ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಳಗಿನದನ್ನು ಒಳಗಿದ್ದವರೇ ನೋಡಿಕೊಳ್ಳಲಿ, ಹೊರಗಿನವರು ಕೇಳಿಕೊಳ್ಳಲಿ, ಅಷ್ಟೇ. ಆದರೆ ಹೊಸಬರು ಇದನ್ನು ಕಲಿಯುವ ಬಗೆಯ ಬಗ್ಗೆ ನನಗೊಂದು ದೂರಿದೆ. ಮಾಹಿತಿ ಇಡುವ ಪ್ರತಿ ವೇರಿಯೇಬಲನ್ನೂ ಹೊರಗಿನವರು ಮುಟ್ಟದಂತೆ ಪ್ರೈವೇಟ್ ಮಾಡಿ, ಪ್ರತಿಯೊಂದಕ್ಕೂ ಅದನ್ನು ಓದಿ ಕೊಡುವ ಒಂದು ಗೆಟರ್, ಬದಲಿಸುವ ಒಂದು ಸೆಟರ್ ಬರೆದು, ಈಗ ಇದು ಸುರಕ್ಷಿತ ಎಂದು ಹೇಳಿಕೊಡುತ್ತಾರೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದಂತೆ! ಸದಸ್ಯರ ಲಿಸ್ಟನ್ನು ಗೆಟರ್ ಮೂಲಕ ಪಡೆದು, ಹೊರಗೆ ಕುಳಿತ ಯಾರೋ ಅದಕ್ಕೆ ಹೆಸರು ಸೇರಿಸಿದರೆ, ಒಬ್ಬರಿಗೆ ಐದಕ್ಕಿಂತ ಹೆಚ್ಚು ಪುಸ್ತಕ ಕೊಡಬಾರದು ಎಂಬ ನಿಯಮವನ್ನು ಕಾಯುವವರು ಯಾರು? ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಮುಚ್ಚಿಡಬೇಕಾದದ್ದು ಮುಂದೆ ಬದಲಾಗಬಹುದಾದ ತೀರ್ಮಾನಗಳನ್ನು ಎಂದು ವಾದಿಸಿದರು. ಅದನ್ನು ಓದಿದ ಮೇಲೆ ನಾನು ‘ಇದನ್ನು ಪ್ರೈವೇಟ್ ಮಾಡಬೇಕೇ’ ಎಂದು ಕೇಳಿಕೊಳ್ಳುವುದನ್ನು ಬಿಟ್ಟು, ‘ನಾಳೆ ಇದು ಬದಲಾದರೆ ಎಷ್ಟು ಫೈಲುಗಳನ್ನು ತೆರೆಯಬೇಕಾದೀತು’ ಎಂದು ಕೇಳಿಕೊಳ್ಳತೊಡಗಿದೆ.

ಪುಸ್ತಕ ಎಂದರೆ ಯಾವುದು?

ಕೆಲವು ವರ್ಷಗಳ ನಂತರ ತಂಡಕ್ಕೆ ಹೊಸದಾಗಿ ಸೇರಿದ ಯುವತಿಯೊಬ್ಬಳಿಗೆ ನಾನು ಇದೇ ಗ್ರಂಥಾಲಯದ ಅಭ್ಯಾಸವನ್ನು ಕೊಟ್ಟೆ. ವಿವರಣೆಯಲ್ಲಿರುವ ನಾಮಪದಗಳಿಗೆ ಗೆರೆ ಎಳೆಯಿರಿ, ಅವೇ ನಿಮ್ಮ ಕ್ಲಾಸುಗಳಾಗುತ್ತವೆ ಎಂಬ ಹಳೆಯ ಉಪಾಯವನ್ನೂ ಹೇಳಿಕೊಟ್ಟೆ. ಆಕೆ ಪುಸ್ತಕ, ಸದಸ್ಯ, ಗ್ರಂಥಾಲಯ ಎಂದು ಗೆರೆ ಎಳೆದು, ಅರ್ಧ ಗಂಟೆಯ ಬಳಿಕ ಬಂದು ಕೇಳಿದಳು: “ಸರ್, ಇಲ್ಲಿ ಪುಸ್ತಕ ಅಂದರೆ ಯಾವುದು? ಒಂದೇ ಪುಸ್ತಕದ ಮೂರು ಪ್ರತಿಗಳಿದ್ದರೆ ಅದು ಒಂದು ಆಬ್ಜೆಕ್ಟೋ, ಮೂರೋ?”

ನಾನು ಬೇಗ ಉತ್ತರ ಕೊಡಲಿಲ್ಲ, ಏಕೆಂದರೆ ಮಾತಿನಲ್ಲಿ ನಾವು ಎರಡಕ್ಕೂ ಪುಸ್ತಕ ಎಂದೇ ಹೇಳುತ್ತೇವೆ. ‘ಆ ಪುಸ್ತಕ ನನಗೆ ಇಷ್ಟ’ ಎಂದಾಗ ಒಂದು, ‘ಆ ಪುಸ್ತಕದ ರಟ್ಟು ಹರಿದಿದೆ’ ಎಂದಾಗ ಇನ್ನೊಂದು. ಲೇಖಕರು, ಶೀರ್ಷಿಕೆ ಇವು ಮೂರು ಪ್ರತಿಗಳಿಗೂ ಸೇರಿದ ಮಾಹಿತಿ. ರಟ್ಟು ಹರಿದಿರುವುದು, ಸದ್ಯ ಯಾರ ಬಳಿ ಇದೆ ಎಂಬುದು ಒಂದೊಂದು ಪ್ರತಿಗೂ ಬೇರೆ. ಎರಡನ್ನೂ ಒಂದೇ ಕ್ಲಾಸಿನಲ್ಲಿ ತುರುಕಿದರೆ ಲೇಖಕರ ಹೆಸರಿನ ಅಕ್ಷರದೋಷ ಒಂದನ್ನು ಮೂರು ಕಡೆ ತಿದ್ದಬೇಕಾಗುತ್ತದೆ, ಇಲ್ಲವೇ ಮೂರು ಪ್ರತಿಗಳಲ್ಲಿ ಯಾವುದು ಹೊರಗೆ ಹೋಗಿದೆ ಎಂದು ಹೇಳಲಾಗದ ಸ್ಥಿತಿ ಬರುತ್ತದೆ. ನಾವಿಬ್ಬರೂ ಸೇರಿ ಅದನ್ನು ಕೃತಿ, ಪ್ರತಿ ಎಂದು ಎರಡು ಕ್ಲಾಸುಗಳಾಗಿ ಒಡೆದೆವು. ಪ್ರತಿಯೊಂದು ಪ್ರತಿಯೂ ತನ್ನ ಕೃತಿ ಯಾವುದೆಂದು ತಿಳಿದಿರುತ್ತದೆ. ಮೂರು ಪ್ರತಿಗಳು ಬೆರಳು ತೋರಿಸುವುದು ಒಂದೇ ಕೃತಿಯ ಕಡೆಗೆ. ಹಿಂದೊಮ್ಮೆ ನನ್ನ ಮಧ್ಯಾಹ್ನವನ್ನು ತಿಂದ ‘ಎಲ್ಲರಿಗೂ ಸೇರಿದ ಒಂದೇ ಆಬ್ಜೆಕ್ಟ್’ ಇಲ್ಲಿ ಬೇಕೆಂದೇ ಮಾಡಿದ ಏರ್ಪಾಡಾಗಿತ್ತು.

ಆಕೆಯ ಮುಂದಿನ ಪ್ರಶ್ನೆ ಇನ್ನೂ ಚೂಪಾಗಿತ್ತು. ಎರಡು ಪ್ರತಿಗಳಲ್ಲಿ ಕೃತಿ ಒಂದೇ, ಎರಡರ ರಟ್ಟೂ ಸರಿಯಿದೆ, ಎರಡೂ ಕಪಾಟಿನಲ್ಲಿವೆ. ಆಗ ಅವೆರಡೂ ಒಂದೇ ಅಲ್ಲವೇ? ಅಲ್ಲ. ಒಂದನ್ನು ಯಾರಾದರೂ ಒಯ್ದರೆ ಇನ್ನೊಂದು ಅಲ್ಲೇ ಉಳಿಯುತ್ತದೆ. ಒಳಗಿನ ವಿವರಗಳು ಸಮನಾಗಿರುವುದು ಬೇರೆ, ಅದೇ ಆಗಿರುವುದು ಬೇರೆ. ಪೈಥಾನ್‌ನಲ್ಲಿ ಮೊದಲನೆಯದನ್ನು ಎರಡು ಸಮಚಿಹ್ನೆಗಳಿಂದಲೂ ಎರಡನೆಯದನ್ನು ‘ಈಸ್’ ಎಂಬ ಪದದಿಂದಲೂ ಕೇಳುತ್ತೇವೆ. ಆದರೆ ದಿನಾಂಕದಂತಹ ವಸ್ತುವಿಗೆ ಈ ವ್ಯತ್ಯಾಸ ಬೇಕಿಲ್ಲ; ಇಂದಿನ ತಾರೀಕಿನ ಎರಡು ಆಬ್ಜೆಕ್ಟ್‌ಗಳಿದ್ದರೆ ಅವುಗಳಲ್ಲಿ ಯಾವುದು ಎಂದು ಯಾರೂ ಕೇಳುವುದಿಲ್ಲ. ಯಾವುದಕ್ಕೆ ಗುರುತು ಮುಖ್ಯ, ಯಾವುದಕ್ಕೆ ಮೌಲ್ಯ ಮಾತ್ರ ಸಾಕು ಎಂಬುದನ್ನು ಮೊದಲೇ ಯೋಚಿಸಿದರೆ ಮುಂದೆ ಬರುವ ಅರ್ಧ ತಂಟೆಗಳು ತಪ್ಪುತ್ತವೆ ಎಂಬುದು ನನ್ನ ಅನುಭವ. ಅಬ್‌ಸ್ಟ್ರಾಕ್ಷನ್ ಎಂಬ ದೊಡ್ಡ ಹೆಸರಿನ ಸ್ತಂಭವೂ ನನಗೆ ಈ ಯೋಚನೆಯಲ್ಲೇ ಅಡಗಿರುವಂತೆ ಕಾಣುತ್ತದೆ: ಪ್ರತಿಗೆ ತೂಕವೂ ಇದೆ, ಬಣ್ಣವೂ ಇದೆ, ನಮ್ಮ ಪ್ರೋಗ್ರಾಮಿಗೆ ಅವು ಬೇಡ, ಅದನ್ನು ಪಾರ್ಸೆಲ್ ಮಾಡಿ ಸಾಗಿಸುವವರ ಪ್ರೋಗ್ರಾಮಿಗೆ ತೂಕವೇ ಬೇಕು, ಲೇಖಕರು ಬೇಡ.

ಬಳುವಳಿಯ ಆಸೆ

ಒಂದು ಕ್ಲಾಸ್ ಇನ್ನೊಂದರಿಂದ ಹುಟ್ಟಿ ಅದರಲ್ಲಿದ್ದದ್ದನ್ನು ಪಡೆಯುವ ಇನ್‌ಹೆರಿಟೆನ್ಸ್ ಎಂಬುದಕ್ಕೆ ಕನ್ನಡದಲ್ಲಿ ಪದ ಹುಡುಕುವಾಗ ಒಂದು ತೊಡಕಿದೆ. ರಕ್ತದಲ್ಲಿ ಬಂದರೆ ಅನುವಂಶೀಯತೆ, ಆಸ್ತಿಯಾಗಿ ಬಂದರೆ ಪಿತ್ರಾರ್ಜಿತ. ಪ್ರೋಗ್ರಾಮಿಂಗ್‌ನಲ್ಲಿ ಇದು ಯಾವುದು? ಹೊಸಬರು ಇದನ್ನು ಪಿತ್ರಾರ್ಜಿತ ಆಸ್ತಿಯಂತೆ ನೋಡುತ್ತಾರೆ: ಅಲ್ಲಿ ಬರೆದ ಮೆಥಡ್‌ಗಳು ಇಲ್ಲಿ ಪುಕ್ಕಟೆ ಸಿಗುತ್ತವೆ, ಮತ್ತೆ ಬರೆಯುವ ಕೆಲಸ ಉಳಿಯಿತು. ನಾನೂ ಹಾಗೆಯೇ ನೋಡುತ್ತಿದ್ದೆ. ಆದರೆ ಆಸ್ತಿಯನ್ನು ಬೇಡವೆಂದು ಬಿಡಬಹುದು, ರಕ್ತದಲ್ಲಿ ಬಂದದ್ದನ್ನು ಬಿಡಲಾಗುವುದಿಲ್ಲ, ಮತ್ತು ಇದು ರಕ್ತದಲ್ಲಿ ಬಂದದ್ದು.

ಆ ಯುವತಿ ಮುಂದಿನ ವಾರ ತಂದ ಪ್ರೋಗ್ರಾಮಿನಲ್ಲಿ ಪ್ರತಿ ಎಂಬ ಕ್ಲಾಸಿನಿಂದ ‘ಪರಾಮರ್ಶನ ಪ್ರತಿ’ ಎಂಬ ಸಬ್‌ಕ್ಲಾಸ್ ಹುಟ್ಟಿತ್ತು. ಪರಾಮರ್ಶನಕ್ಕೆಂದು ಇಟ್ಟ ಪ್ರತಿಗಳನ್ನು ಹೊರಗೆ ಒಯ್ಯುವಂತಿಲ್ಲ, ಆದ್ದರಿಂದ ಅದರ ‘ಎರವಲು ಕೊಡು’ ಮೆಥಡ್ ಕೆಲಸ ಮಾಡದೆ ಎರರ್ ಎಸೆಯುತ್ತಿತ್ತು. ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಪ್ರತಿಗಳ ಒಂದು ಪಟ್ಟಿಯನ್ನು ಕೈಗೆ ಕೊಟ್ಟು, ಕಪಾಟಿನಲ್ಲಿರುವ ಯಾವ ಪ್ರತಿಯನ್ನಾದರೂ ಎರವಲು ಕೊಡಬಹುದು ಎಂದು ನಂಬಿ ಬರೆದ ಹಳೆಯ ಸಾಲುಗಳೆಲ್ಲ ಈಗ ಮುರಿಯುತ್ತವೆ. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಉಪನ್ಯಾಸವೊಂದರಲ್ಲಿ ಮುಂದಿಟ್ಟ, ಮುಂದೆ 1994ರಲ್ಲಿ ಜೆನೆಟ್ ವಿಂಗ್ ಅವರೊಡನೆ ಸೇರಿ ಖಚಿತವಾಗಿ ನಿರೂಪಿಸಿದ ವಿಚಾರ ಇದೇ: ಮೂಲ ಬಗೆಯದನ್ನು ಬಳಸುವ ಕಡೆಯಲ್ಲೆಲ್ಲ ಅದರ ಉಪಬಗೆಯದನ್ನು ಇಟ್ಟರೂ ಬಳಸುವವರ ನಂಬಿಕೆಗೆ ಭಂಗ ಬರಬಾರದು. ಇನ್ನೊಂದು ತೊಂದರೆ ಹೆಚ್ಚು ಸಾಮಾನ್ಯವಾದದ್ದು. ಹೊಸ ಆವೃತ್ತಿ ಬಂದ ಮೇಲೆ ಹಳೆಯ ಪರಾಮರ್ಶನ ಪ್ರತಿಯನ್ನು ಎರವಲಿಗೆ ಬಿಡೋಣ ಎಂದು ಗ್ರಂಥಾಲಯ ತೀರ್ಮಾನಿಸಿದರೆ ಏನು ಮಾಡುವುದು? ಜಾವಾದಂತಹ ಭಾಷೆಗಳಲ್ಲಿ ಆಬ್ಜೆಕ್ಟ್ ಹುಟ್ಟಿದ ಮೇಲೆ ತನ್ನ ಕ್ಲಾಸನ್ನು ಬದಲಿಸುವಂತಿಲ್ಲ. ಹಳೆಯದನ್ನು ಎಸೆದು ಹೊಸದನ್ನು ಮಾಡಬೇಕು, ಅಲ್ಲಿಗೆ ಅದರ ಗುರುತು ಹೋಯಿತು. ಕಪಾಟಿನಲ್ಲಿ ಮಾತ್ರ ಅದೇ ಪ್ರತಿ, ಅದೇ ಧೂಳಿನೊಡನೆ ಕುಳಿತಿದೆ.

ನಾನು ಸೂಚಿಸಿದ್ದು, ಪ್ರತಿಯನ್ನು ಒಡೆಯದೆ ಅದರ ಕೈಗೊಂದು ‘ಎರವಲು ನಿಯಮ’ವನ್ನು ಕೊಡುವುದು. ಎಷ್ಟು ದಿನ ಕೊಡಬಹುದು ಎಂದು ಕೇಳಿದರೆ ಸಾಮಾನ್ಯ ನಿಯಮ 14 ಎನ್ನುತ್ತದೆ, ಬೇಡಿಕೆ ಹೆಚ್ಚಿರುವ ಪ್ರತಿಗಳ ನಿಯಮ 3 ಎನ್ನುತ್ತದೆ, ಪರಾಮರ್ಶನ ನಿಯಮ 0 ಎನ್ನುತ್ತದೆ. ಈಗ ಯಾವ ಪ್ರತಿಯನ್ನೂ ಕೊಡುವ ಮೊದಲು ಕೇಳಿಯೇ ಕೊಡಬೇಕು ಎಂಬುದು ಎಲ್ಲರಿಗೂ ಮೊದಲೇ ತಿಳಿದಿರುತ್ತದೆ. ಪ್ರತಿಯ ಸ್ಥಿತಿ ಬದಲಾದರೆ ನಿಯಮವನ್ನು ಬದಲಿಸಿದರಾಯಿತು, ಪ್ರತಿ ತಾನು ತಾನಾಗಿಯೇ ಉಳಿಯುತ್ತದೆ. ಕೇಳುವವರಿಗೆ ಎದುರಿಗಿರುವುದು ಯಾವ ನಿಯಮ ಎಂದು ತಿಳಿಯಬೇಕಾಗಿಲ್ಲ, ಪ್ರಶ್ನೆ ಒಂದೇ, ಉತ್ತರ ಅವರವರದು. ಪಾಲಿಮಾರ್ಫಿಸಂ ಎಂದರೆ ಇಷ್ಟೇ, ಮತ್ತು ಇದು ನಾವು ದಿನವೂ ಮಾತಿನಲ್ಲಿ ಮಾಡುವ ಕೆಲಸ. ಬಾಗಿಲು ತೆರೆ, ಕಣ್ಣು ತೆರೆ, ಖಾತೆ ತೆರೆ: ಕ್ರಿಯಾಪದ ಒಂದೇ, ತೆರೆಯುವ ಬಗೆಯನ್ನು ತೆರೆದುಕೊಳ್ಳುವುದೇ ತೀರ್ಮಾನಿಸುತ್ತದೆ, ಮೂರಕ್ಕೂ ಮೂರು ಬೇರೆ ಕ್ರಿಯಾಪದ ಬೇಕೆಂದು ಯಾರೂ ತಕರಾರು ಮಾಡುವುದಿಲ್ಲ. ಇದಿಲ್ಲದಿದ್ದರೆ ‘ಇದು ಸಾಮಾನ್ಯವೇ, ಇಲ್ಲದಿದ್ದರೆ ಪರಾಮರ್ಶನವೇ’ ಎಂಬ ಇಫ್-ಎಲ್ಸ್ ಸರಪಳಿ ಪ್ರೋಗ್ರಾಮಿನ ನಾಲ್ಕು ಮೂಲೆಗಳಲ್ಲಿ ಬೆಳೆಯುತ್ತದೆ, ಹೊಸ ಬಗೆಯೊಂದು ಬಂದಾಗ ಮೂರನ್ನು ತಿದ್ದಿ ನಾಲ್ಕನೆಯದನ್ನು ಮರೆಯುತ್ತೇವೆ. ಹಾಗೆಂದು ಇನ್‌ಹೆರಿಟೆನ್ಸನ್ನು ಬಳಸಲೇಬಾರದು ಎಂಬ ಈಚಿನ ಹಟವನ್ನು ನಾನು ಒಪ್ಪುವುದಿಲ್ಲ. ಆ ಮೂರು ನಿಯಮಗಳೂ ‘ನಿಯಮ’ ಎಂಬ ಒಂದೇ ಮೂಲದಿಂದ ಹುಟ್ಟಿದವು, ಅಲ್ಲಿ ಅದು ಸರಿಯಾಗಿಯೇ ಹೊಂದುತ್ತದೆ.

ನಮ್ಮ ಕೊನೆಯ ಚರ್ಚೆ ಹಿಂದಿರುಗಿಸಬೇಕಾದ ದಿನಾಂಕದ ಬಗ್ಗೆ ನಡೆಯಿತು. ಅದು ಯಾರ ಬಳಿ ಇರಬೇಕು? ಪ್ರತಿಯ ಬಳಿ ಎಂದು ನಾನು ಹೇಳಿದೆ. ಹಾಗಾದರೆ ಕಳೆದ ವರ್ಷ ಅದನ್ನು ಯಾರು ಒಯ್ದಿದ್ದರು ಎಂಬುದು ಅಳಿಸಿಹೋಗುತ್ತದೆ ಎಂದು ಆಕೆ ಆಕ್ಷೇಪಿಸಿದಳು. ಸದಸ್ಯರ ಬಳಿ ಇಟ್ಟರೆ ಪ್ರತಿಗೆ ತಾನು ಎಲ್ಲಿದ್ದೇನೆ ಎಂಬುದೇ ತಿಳಿಯದು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ‘ಎರವಲು’ ಎಂಬ ಹೊಸ ಕ್ಲಾಸನ್ನು ಬರೆದಳು. ಅದರೊಳಗೆ ಒಬ್ಬ ಸದಸ್ಯ, ಒಂದು ಪ್ರತಿ, ಒಯ್ದ ದಿನ, ತರಬೇಕಾದ ದಿನ. ಅದು ವಿವರಣೆಯಲ್ಲಿ ನಾನು ಗೆರೆ ಎಳೆಯಲು ಹೇಳಿದ್ದ ಪದವಾಗಿರಲಿಲ್ಲ, ಅಲ್ಲಿ ಅದು ‘ಎರವಲು ಪಡೆಯುತ್ತಾರೆ’ ಎಂಬ ಕ್ರಿಯಾಪದದೊಳಗೆ ಕುಳಿತಿತ್ತು. ಇನ್ನು ಪುಸ್ತಕ ಹಿಂದಕ್ಕೆ ಬಂದಾಗ ‘ಮುಗಿಯಿತು’ ಎಂದು ಹೇಳಬೇಕಾದದ್ದು ಎರವಲಿಗೋ ಪ್ರತಿಗೋ ಎಂಬ ಪ್ರಶ್ನೆ ಉಳಿಯಿತು. ನಾನು ಪ್ರತಿಗೆ ಎಂದೆ, ಆಕೆ ಎರವಲಿಗೆ ಎಂದಳು, ಮತ್ತು ಅವಳ ಪ್ರೋಗ್ರಾಮಾದ್ದರಿಂದ ಅದು ಎರವಲಿಗೇ ಆಯಿತು.